ಎರಡು ಮಳೆಗಾಲ ಕಳೆದ ಜುಪಿಟರ್-8

ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕಿದಾಗೆಲ್ಲ ಇನ್‌ಬಾಕ್ಸಿಗೆ ಬಂದು "ಲೆನ್ಸ್ ಯಾವುದು ಸರ್" ಅಂತ ಕೇಳುವವರಿಗೆ ಬರ್ದೂ ಬರ್ದೂ ಸಾಕಾಯ್ತು, ಹಾಗಾಗಿ ಒಮ್ಮೆ ಕೂತು ಪೂರ್ತಿ ಬರೀತೇನೆ, ಉದ್ದ ಆದ್ರೆ ಬೈಬೇಡಿ. ಲೆನ್ಸಿನ ಹೆಸರು ಜುಪಿಟರ್-8. ಫೋಕಲ್ ದೂರ 50 ಎಂಎಂ, ಎಫ್/2 (ಬೆಳಕು ಬಿಡುವ ತೂತಿನ ಅಳತೆ ಇದು, ಅಂಕೆ ಸಣ್ಣದಾದಷ್ಟು ತೂತು ದೊಡ್ಡದು). ಸೋವಿಯತ್ ಕಾಲದ್ದು. ಈ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರಿನ ಮೊದಲ ಎರಡು ಅಂಕೆ ಅಂದ್ರೆ ತಯಾರಾದ ವರ್ಷ, ನನ್ನದು 64ರಿಂದ ಶುರು ಆಗ್ತದೆ, ಅಂದ್ರೆ 1964. ನನ್ನ ಅಪ್ಪನಿಗೂ ಇದಕ್ಕೂ ಒಂದೇ ಪ್ರಾಯ. ಅಪ್ಪನಿಗೆ ಮಂಡಿ ನೋವು, ಇದಕ್ಕೆ ಫಂಗಸ್, ಅಂದ್ರೆ ಗಾಜಿಗೆ ಹಿಡಿಯುವ ಬೂಷ್ಟು.

ತಗೊಂಡದ್ದು ಆನ್‌ಲೈನಲ್ಲಿ, ಹೊರದೇಶದ ಒಬ್ಬ ಮಾರಾಟಗಾರನಿಂದ, ಹೆಸರು ಬೇಡ. ಗಾಜು ಕ್ಲೀನ್ ಉಂಟು, ಫಂಗಸ್ ಇಲ್ಲ ಅಂತ ಬರ್ದಿದ್ದ. ಲೆನ್ಸು, ಕೊರಿಯರು, ಕಸ್ಟಮ್ಸ್ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ರ ಬಿತ್ತು. ಬಂದ ದಿನ ರಾತ್ರಿ ಲೈಟ್ ಆಫ್ ಮಾಡಿ ಮೊಬೈಲಿನ ಟಾರ್ಚ್ ಒಂದು ಬದಿಯಿಂದ ಹಿಡಿದು ಇನ್ನೊಂದು ಬದಿಯಿಂದ ನೋಡಿದ್ರೆ ಹಿಂದಿನ ಗಾಜಿನ ಅಂಚಲ್ಲಿ ಜೇಡನ ಬಲೆಯ ಹಾಗೆ ಬಿಳಿ ಎಳೆ. ಪಟ ತೆಗೆದು ಕಳಿಸಿದೆ, ಅದರಿಂದ ಫೋಟೋಕ್ಕೆ ಏನೂ ಆಗುವುದಿಲ್ಲ ಅಂತ ಉತ್ತರ ಬಂತು. ಫೋಟೋಕ್ಕೆ ಆಗುವುದಿಲ್ಲ, ಅದು ಸರಿ. ಆದ್ರೆ ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಜೂನ್ ತಿಂಗಳು ಬಂದ ಮೇಲೆ ಅದು ಎಷ್ಟು ದೊಡ್ಡದಾಗ್ತದೆ ಅಂತ ಅವನಿಗೆಂತ ಗೊತ್ತು ಮಾರಾಯ್ರೇ. ಫೋಕಸ್ ರಿಂಗ್ ಬೇರೆ ಗಟ್ಟಿ, ಒಳಗಿನ ಹಳೇ ಗ್ರೀಸ್ ಒಣಗಿ ಮೇಣ ಆಗಿತ್ತು. ಕಡೆಗೆ ಮಂಗಳೂರಲ್ಲಿ ಹಳೇ ಕ್ಯಾಮೆರಾ ಬಿಚ್ಚುವ ಒಬ್ರು ಹಿರಿಯರ ಹತ್ರ ಕೊಟ್ಟೆ, ಅವರು ಗಾಜು ಒರಸಿ, ಥ್ರೆಡ್ ತೊಳೆದು, ಹೊಸ ಗ್ರೀಸ್ ಹಾಕಿ ಹದಿನೈದು ದಿನದ ಮೇಲೆ ಕೊಟ್ರು. ಅದರ ಖರ್ಚು ಬೇರೆ. ಹಾಗಾಗಿ ಹಳೇ ಲೆನ್ಸು ಚೀಪ್ ಅಂತ ಯಾರಾದ್ರೂ ಹೇಳಿದ್ರೆ ಸರ್ವಿಸ್ ಸೇರಿಸಿ ಲೆಕ್ಕ ಹಾಕಿ.

ಇದು ಎಂತ ಜಾತಿಯ ಲೆನ್ಸು ಅಂತ ಚೂರು ಹೇಳ್ಬೇಕು, ಇಲ್ಲದಿದ್ರೆ ಮುಂದಿನದ್ದು ಅರ್ಥ ಆಗುವುದಿಲ್ಲ. ಇದು ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಮಾಡಿದ್ದು. ಆ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದೇ ಇಲ್ಲ, ಮೇಲೆ ಬದಿಯಲ್ಲಿ ಒಂದು ಸಣ್ಣ ಕಿಟಕಿ, ಅದರಲ್ಲಿ ನೋಡುವುದು, ಚೂರು ದೂರದಲ್ಲಿ ಇನ್ನೊಂದು ಕಿಟಕಿ ಇರ್ತದೆ, ಅದರ ಬಿಂಬವೂ ಇದರೊಳಗೇ ಕಾಣ್ತದೆ, ರಿಂಗ್ ತಿರುಗಿಸ್ತಾ ಹೋಗಿ ಎರಡು ಬಿಂಬ ಒಂದರ ಮೇಲೆ ಒಂದು ಸಮ ಕೂತ್ರೆ ಫೋಕಸ್ ಆಯ್ತು. ಎಸ್‌ಎಲ್‌ಆರ್ ಅಂದ್ರೆ ಕನ್ನಡಿ ಇಟ್ಟು ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ, ಅದರ ಹಾಗೆ ಇದರೊಳಗೆ ಹಾರುವ ಕನ್ನಡಿ ಇಲ್ಲ. ಕನ್ನಡಿ ಇಲ್ಲದ ಕಾರಣ ಲೆನ್ಸಿನ ಹಿಂದಿನ ಗಾಜು ಫಿಲ್ಮಿನ ಹತ್ರಹತ್ರ ಹೋಗಿ ಕೂರ್ಲಿಕ್ಕೆ ಆಗ್ತದೆ. ಜರ್ಮನಿಯ ಲುಡ್ವಿಗ್ ಬರ್ಟೆಲೆ ಝೈಸ್ ಕಂಪೆನಿಯವರಿಗೆ ಮಾಡಿಕೊಟ್ಟ ಸೊನ್ನಾರ್ ಡಿಸೈನು ಇದೇ ಅನುಕೂಲದ ಮೇಲೆ ನಿಂತದ್ದು, 1932ರಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾದ ಜೊತೆ ಬಂತು. ಎಫ್/2ರದ್ದರಲ್ಲಿ ಆರು ಗಾಜು, ಆದ್ರೆ ಅಂಟಿಸಿ ಅಂಟಿಸಿ ಮೂರೇ ಗುಂಪು ಮಾಡಿದ್ದಾರೆ, ಗಾಳಿಗೆ ತಾಗುವ ಮೈ ಒಟ್ಟು ಆರೇ. ಗಾಜಿಗೆ ಕೋಟಿಂಗ್ ಇಲ್ಲದ ಕಾಲ ಅದು, ಮೈ ಹೆಚ್ಚಾದಷ್ಟು ಬೆಳಕು ಒಳಗೊಳಗೇ ಪುಟಿದು ಪಟ ಮಂಕಾಗ್ತಿತ್ತು, ಅದಕ್ಕೆ ಬರ್ಟೆಲೆಯವರ ಉಪಾಯ ಇದು. ಯುದ್ಧ ಮುಗಿದ ಮೇಲೆ ಸೋವಿಯತ್‌ನವರು ಪರಿಹಾರ ಅಂತ ಝೈಸಿನ ಯಂತ್ರಗಳನ್ನೇ ಹೊತ್ತುಕೊಂಡು ಹೋದ್ರು, ಮಾಸ್ಕೋ ಹತ್ರದ ಕ್ರಾಸ್ನೊಗೊರ್ಸ್ಕ್ ಫ್ಯಾಕ್ಟರಿಯಲ್ಲಿ ಅದೇ ಸೊನ್ನಾರಿಗೆ ಜುಪಿಟರ್ ಅಂತ ಹೆಸರಿಟ್ಟು, ಝೋರ್ಕಿ-4 ಅನ್ನುವ ಕ್ಯಾಮೆರಾಕ್ಕೆ ಹಾಕಿ ವರ್ಷಗಟ್ಟಲೆ ಮಾರಿದ್ರು. ಅದಕ್ಕೇ ಇವತ್ತಿಗೂ ರಾಶಿ ಸಿಗ್ತದೆ.

ಕೈಯಲ್ಲಿ ಹಿಡಿದ್ರೆ ಆಟಿಕೆಯ ಹಾಗೆ ಹಗುರ, ಪೂರ್ತಿ ಅಲ್ಯೂಮಿನಿಯಂ, 130 ಗ್ರಾಂ ಆಸುಪಾಸು. ಎದುರಿಗೆ ರಷ್ಯನ್ ಅಕ್ಷರದಲ್ಲಿ ಹೆಸರು, ಕೋಟಿಂಗ್ ಉಂಟು ಅಂತ ತೋರಿಸುವ ಕೆಂಪು ಅಕ್ಷರ ಒಂದು, ಮತ್ತೆ ಪಟ್ಟಕದೊಳಗೆ ಬೆಳಕು ಬಾಗಿ ಹೋಗುವ ಆ ಫ್ಯಾಕ್ಟರಿಯ ಗುರುತು. ನನ್ನ ಅಜ್ಜ ತಿರುಗಿಸಿ ತಿರುಗಿಸಿ ನೋಡಿ "ಇದೆಂತರ ಮಾಣಿ, ಗಡಿಯಾರ ರಿಪೇರಿಯವರ ಕಣ್ಣಿಗೆ ಇಪ್ಪದಾ" ಅಂತ ಕೇಳಿದ್ರು.

ಇನ್ನು ಕ್ಯಾಮೆರಾಕ್ಕೆ ಕೂರಿಸುವುದು. ನಿಮ್ಮತ್ರ ಡಿಎಸ್‌ಎಲ್‌ಆರ್ (ಅದೇ ಕನ್ನಡಿಯ ಕ್ಯಾಮೆರಾ, ಡಿಜಿಟಲ್) ಇದ್ರೆ ಇಲ್ಲಿಗೇ ನಿಲ್ಲಿಸಿ, ಆಗುವುದಿಲ್ಲ. ತಿರುಪಿನ ಹಾಗೆ ತಿರುಗಿಸಿ ಕೂರಿಸುವ ಈ ಸ್ಕ್ರೂ ಲೆನ್ಸುಗಳು ಫಿಲ್ಮಿನಿಂದ 28.8 ಎಂಎಂ ದೂರದಲ್ಲಿ ಕೂರ್ಬೇಕು, ನಿಕಾನ್ ಎಸ್‌ಎಲ್‌ಆರಿನಲ್ಲಿ ಆ ದೂರ 46.5, ಕ್ಯಾನನ್ನಿನಲ್ಲಿ 44, ಮೂಗಿನ ಹತ್ರ ಹಿಡಿದ ವಸ್ತು ಬಿಟ್ರೆ ಬೇರೆ ಎಂತದೂ ಫೋಕಸ್ ಆಗ್ಲಿಕ್ಕಿಲ್ಲ. ಮಿರರ್‌ಲೆಸ್‌ನಲ್ಲಿ, ಅಂದ್ರೆ ಕನ್ನಡಿ ಇಲ್ಲದ ಡಿಜಿಟಲ್ ಕ್ಯಾಮೆರಾದಲ್ಲಿ, ಸಮ ಆಗ್ತದೆ, ಸೋನಿ ಇ ಮೌಂಟಿನ (ಮೌಂಟ್ ಅಂದ್ರೆ ಲೆನ್ಸ್ ಕೂರುವ ಬಾಯಿ) ದೂರ 18 ಎಂಎಂ, ಉಳಿದ 10.8ನ್ನು ಅಡಾಪ್ಟರ್ ತುಂಬ್ತದೆ. ನನ್ನದು ಸೆಕೆಂಡ್‌ಹ್ಯಾಂಡ್ ಸೋನಿ ಎ7 ಮಾರ್ಕ್ 2. ನಾನು ಎರಡು ತುಂಡು ಹಾಕ್ತೇನೆ, ಮೊದಲು ಸ್ಕ್ರೂವಿನಿಂದ ಲೈಕಾ ಕಂಪೆನಿಯ ಎಂ ಮೌಂಟಿಗೆ 1 ಎಂಎಂನ ತೆಳು ರಿಂಗು, ಆಮೇಲೆ ಎಂ ಮೌಂಟಿನಿಂದ ಸೋನಿಗೆ ಇನ್ನೊಂದು. ಆ ಎರಡನೆಯದ್ದು ಸಾದಾ ಅಲ್ಲ, ಅದಕ್ಕೇ ತಿರುಗುವ ಹೆಲಿಕಾಯ್ಡ್ ಉಂಟು, ಲೆನ್ಸನ್ನು ಇನ್ನೂ ಒಂದು 5 ಎಂಎಂ ಮುಂದೆ ದೂಡ್ತದೆ. ಯಾಕೆ ಅಂದ್ರೆ ಜುಪಿಟರ್-8ಕ್ಕೆ ಒಂದು ಮೀಟರಿಗಿಂತ ಹತ್ರ ಫೋಕಸ್ ಇಲ್ಲ, ಇದು ಈ ಲೆನ್ಸಿನ ಅತೀ ದೊಡ್ಡ ತಲೆನೋವು, ಹೂವು ತೆಗೀತೇನೆ ಊಟದ ಎಲೆ ತೆಗೀತೇನೆ ಅಂತ ಹೊರಟ್ರೆ ಹಿಂದೆ ಹಿಂದೆ ಸರಿದು ಬಾವಿಗೆ ಬೀಳ್ಬೇಕು. ಹೆಲಿಕಾಯ್ಡ್ ಇದ್ರೆ 45 ಸೆಂಟಿಮೀಟರ್ ಆಸುಪಾಸಿಗೆ ಬರ್ತದೆ. ಸಾದಾ ಅಡಾಪ್ಟರ್ ತಗೊಂಡು ಆಮೇಲೆ ಪುನಃ ಇದನ್ನು ತಗೊಂಡವ ನಾನು, ನೀವು ಆ ದುಡ್ಡು ಉಳಿಸಿ.

ಒಂದು ಮೋಸದ ಜಾಗ ಉಂಟು. ಝೆನಿಟ್ ಅನ್ನುವ ಸೋವಿಯತ್ ಎಸ್‌ಎಲ್‌ಆರ್‌ನ ಹಳೇ ಲೆನ್ಸುಗಳಿಗೂ ಇದೇ 39 ಎಂಎಂ ಸ್ಕ್ರೂ, ಕಣ್ಣಿಗೆ ಒಂದೇ ಹಾಗೆ ಕಾಣ್ತದೆ, ಆದ್ರೆ ಅದರ ದೂರ 45.2. ಈ ಅಡಾಪ್ಟರಿಗೆ ಹಾಕಿದ್ರೆ ಸಮ ಕೂತ್ಕೊಳ್ತದೆ, ಫೋಕಸ್ ಮಾತ್ರ ಎಲ್ಲಿಯೂ ಆಗುವುದಿಲ್ಲ. ಎಂ39 ಅಂತ ಬರ್ದದ್ದು ನೋಡಿ ಕೂಡ್ಲೆ ದುಡ್ಡು ಕಟ್ಬೇಡಿ.

ಮೆನುವಿನಲ್ಲಿ ಲೆನ್ಸ್ ಇಲ್ಲದೆ ಶಟರ್ ಬಿಡುವ ಆಪ್ಷನ್ ಆನ್ ಮಾಡ್ಬೇಕು, ಕೈ ಅಲುಗಾಟ ಸರಿಮಾಡುವ ಸ್ಟೆಡಿಶಾಟಿಗೆ 50 ಎಂಎಂ ಅಂತ ಕೈಯಾರೆ ತುಂಬಿಸ್ಬೇಕು, ಇಲ್ಲದಿದ್ರೆ ಕ್ಯಾಮೆರಾ ಎಷ್ಟು ಅಲುಗಾಡ್ತದೆ ಅಂತ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಮತ್ತೆ ಫೋಕಸ್ ಪೀಕಿಂಗ್ ಅಂತ ಫೋಕಸ್ ಆದ ಕಡೆ ಕೆಂಪು ಗೆರೆ ತೋರಿಸ್ತದಲ್ಲ, ಎಫ್/2ರಲ್ಲಿ ಅದನ್ನು ನಂಬಬೇಡಿ, ಝೂಮ್ ಮಾಡಿ ಕಣ್ಣಿನ ರೆಪ್ಪೆ ನೋಡಿ. ಎಫ್ ಬದಲಿಸುವ ಅಪರ್ಚರ್ ರಿಂಗಿಗೆ ಟಿಕ್ ಟಿಕ್ ಇಲ್ಲ, ಸುಮ್ನೆ ಜಾರ್ತದೆ, ಫೋಕಸ್ ಮಾಡುವಾಗ ಬೆರಳು ತಾಗಿ ಎಫ್/2 ಅಂತ ನಾನು ಗ್ರಹಿಸಿದ್ದು ಎಫ್/4 ಆಗಿರ್ತದೆ, ಅದು ಕ್ಯಾಮೆರಾಕ್ಕೂ ಗೊತ್ತಿಲ್ಲ ನನಗೂ ಗೊತ್ತಿಲ್ಲ.

ಈಗ ಪಟದ ವಿಷಯ.

ಕಳೆದ ವರ್ಷ ಜುಲೈಯಲ್ಲಿ ಎರಡು ದಿನ ಮಳೆ ಬಿಟ್ಟಿತ್ತು. ಇಲ್ಲಿ ಅಂಥ ಬಿಸಿಲು ಬಂದ್ರೆ ಯಾರೂ ಮನೆಯಲ್ಲಿ ಕೂರುವುದಿಲ್ಲ, ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡ್ಬೇಕಲ್ಲ. ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ, ಡ್ರಮ್ಮಿನ ಹತ್ರ ಒಬ್ಬ, ಮರದ ತುದಿಯಲ್ಲಿ ಒಬ್ಬ. ನಮ್ಮಲ್ಲಿಗೆ ವರ್ಷವೂ ಬರುವ ಅಣ್ಣ ಒಂದು ಸುತ್ತು ಮುಗಿಸಿ ಇಳಿದು ಚಾ ಕುಡಿಯುವಾಗ ತೆಗೆದ ಪಟವೇ ನಾನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದು. ಎರಡು ಮೀಟರ್ ದೂರ, ಎಫ್/2.8, ಹಿಂದೆ ತೋಟದ ಸಂದಿನಿಂದ ಬೆಳಕು. ಅವನ ಕೈ ಮೊಣಕೈವರೆಗೆ ನೀಲಿ, ಹುಬ್ಬಿನ ಮೇಲೆ ಎರಡು ಹನಿ ನೀಲಿ, ಸ್ಟೀಲ್ ಲೋಟದ ಅಂಚು ಮಾತ್ರ ಹೊಳೀತಾ ಉಂಟು. ಮುಖ ಶಾರ್ಪ್ ಉಂಟು, ಆದ್ರೆ ಈಗಿನ ಲೆನ್ಸುಗಳ ಹಾಗೆ ಚರ್ಮದ ಒಂದೊಂದು ತೂತೂ ಎದ್ದು ಬಂದು ಕುಕ್ಕುವುದಿಲ್ಲ, ಹಿಂದಿನ ಅಡಿಕೆಮರಗಳು ಕಂಬ ಕಂಬ ಆಗಿ ನಿಲ್ಲದೆ ಮಜ್ಜಿಗೆಯಲ್ಲಿ ಕದಡಿದ ಹಾಗೆ ಕರಗಿ ಹೋಗಿವೆ. ಇದೇ ದೂರ, ಇದೇ ಬೆಳಕು, ನನ್ನ ಹೊಸ ಕಿಟ್ ಝೂಮಿನಲ್ಲಿಯೂ ತೆಗೆದೆ. ಅದರಲ್ಲಿ ಎಲ್ಲ ಸರಿ ಉಂಟು, ಆಧಾರ್ ಕಾರ್ಡಿನ ಫೋಟೋ ಹಾಗೆ ಸರಿ ಉಂಟು.

ಆದ್ರೆ ಅದೇ ದಿನ ಅವ ಮರದ ಮೇಲೆ ಇರುವಾಗ ಕೆಳಗಿನಿಂದ ಆಕಾಶಕ್ಕೆ ಹಿಡಿದು ತೆಗೆದ ಮೂವತ್ತು ಪಟದಲ್ಲಿ ಒಂದೂ ಕೆಲಸಕ್ಕೆ ಬರ್ಲಿಲ್ಲ. ಒಂದೇ ಪದರ ಕೋಟಿಂಗು, ಅದೂ ಹಳತು. ಬಿಳಿ ಆಕಾಶ ಎದುರು ಬಂದ್ರೆ ಪಟದ ತುಂಬ ಗಂಜಿ ತೆಳಿ ಚೆಲ್ಲಿದ ಹಾಗೆ ಬಿಳಿಚು. ಬೇಕಲ ಕೋಟೆಯಲ್ಲಿ ಸಂಜೆ ಸೂರ್ಯನನ್ನು ಫ್ರೇಮಿನೊಳಗೆ ಇಟ್ಟು ನೋಡಿದೆ, ಕೋಟೆಯೂ ಇಲ್ಲ ಸಮುದ್ರವೂ ಇಲ್ಲ. 40.5 ಎಂಎಂ ಥ್ರೆಡ್ಡಿನ ಹುಡ್ (ಬದಿಯ ಬೆಳಕಿಗೆ ಅಡ್ಡ ನಿಲ್ಲುವ ಕೊಳವೆ) ಒಂದು ತಗೊಂಡ್ರೆ ಅರ್ಧ ಕಮ್ಮಿ ಆಗ್ತದೆ, ಇನ್ನೂರು ಮುನ್ನೂರು ರೂಪಾಯಿಯ ಕೆಲಸ, ನಾನು ಅಂಗೈ ಅಡ್ಡ ಹಿಡಿದೇ ಒಂದು ವರ್ಷ ಕಳೆದೆ, ದಡ್ಡತನ.

ಇದು ನಿಜವಾಗಿ ಎಲ್ಲಿಗೆ ಹೇಳಿ ಮಾಡಿಸಿದ್ದು ಅಂದ್ರೆ ಯಕ್ಷಗಾನದ ಚೌಕಿ, ವೇಷ ಕಟ್ಟುವ ಜಾಗ. ಯಕ್ಷಗಾನದ ಹಳೇ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ ಆಟ ನೋಡದೆ ಇರ್ಲಿಕ್ಕೆ ಆಗ್ತದಾ. ರಂಗಸ್ಥಳದ ಪಟ ಎಲ್ಲರೂ ತೆಗೀತಾರೆ, ಟೆಲಿ ಲೆನ್ಸ್ ಹಿಡಿದು ಎದುರು ಸಾಲಿನಲ್ಲಿ ಕೂತು ಹಿಂದಿನವರ ಬೈಗುಳ ತಿಂದು ತೆಗೀತಾರೆ. ಚೌಕಿಯಲ್ಲಿ ಹಾಗಲ್ಲ, ಜಾಗ ಸಣ್ಣದು, ಬಲ್ಬ್ ಒಂದು ನೇತಾಡ್ತಾ ಉಂಟು, ಕಲಾವಿದರು ಸಾಲಾಗಿ ಕನ್ನಡಿ ಹಿಡಿದು ಕೂತಿರ್ತಾರೆ. ರಾಕ್ಷಸ ಪಾತ್ರದ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ಮುಖದ ಮೇಲೆ ಒಂದೊಂದೇ ಚಿಟ್ಟಿ (ಮುಳ್ಳಿನ ಹಾಗಿನ ಬಿಳಿ ಚುಕ್ಕೆ) ಇಡ್ತಾ ಬರುವಾಗ ಗಂಟೆಗಟ್ಟಲೆ ಮುಖ ಅಲುಗಾಡಿಸುವುದಿಲ್ಲ. ಕೈಯಲ್ಲಿ ಫೋಕಸ್ ಮಾಡುವ ನನ್ನಂಥವನಿಗೆ ಅದಕ್ಕಿಂತ ಒಳ್ಳೆ ಮಾಡೆಲ್ ಬೇರೆ ಇಲ್ಲ. "ಫ್ಲ್ಯಾಶ್ ಬೇಡ ಆಯ್ತಾ ಮಾಷ್ಟ್ರೇ, ಕಣ್ಣಿಗೆ ಹೊಡೀತದೆ" ಅಂದ್ರು, ಇಲ್ಲಣ್ಣ ನನ್ನತ್ರ ಫ್ಲ್ಯಾಶೇ ಇಲ್ಲ ಅಂದೆ. ಎಫ್/2, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, 1/60 ಸೆಕೆಂಡ್. ಬಿಳಿ ಚಿಟ್ಟಿಯ ಮುಳ್ಳುಗಳು ಒಂದೊಂದಾಗಿ ಎದ್ದು ನಿಂತಿವೆ, ಆದ್ರೆ ಬಲ್ಬಿನ ಬೆಳಕು ತಾಗಿದ ಕಡೆ ಒಂದು ತೆಳು ಮಬ್ಬು, ಅದು ಲೆನ್ಸಿನ ದೋಷ ಅಂತ ಪುಸ್ತಕದ ಲೆಕ್ಕ, ನನಗೆ ಅದೇ ಬೇಕಾದ್ದು. ಕಿವಿಯ ಹತ್ರ ಬರುವಾಗಲೇ ಫೋಕಸ್ ಸಡಿಲ ಆಗ್ತಾ ಹೋಗ್ತದೆ, ಹಿಂದೆ ಕಿರೀಟ ಕಟ್ಟಿಸಿಕೊಳ್ಳುವವರು ಬರೀ ಕೆಂಪು, ಹಳದಿ.

ಸುರಂಗದಲ್ಲಿಯೂ ಟ್ರೈ ಮಾಡಿದೆ. ಹೊರಗಿನವರಿಗೆ: ನಮ್ಮಲ್ಲಿ ಬಾವಿ ಕೆಳಗೆ ಮಾತ್ರ ತೋಡುವುದಲ್ಲ, ಗುಡ್ಡೆಯ ಮುರಕಲ್ಲಿಗೆ (ಜಂಬಿಟ್ಟಿಗೆ ಕಲ್ಲು) ಅಡ್ಡಕ್ಕೂ ತೋಡ್ತಾರೆ, ಒಬ್ಬ ಬಗ್ಗಿ ಹೋಗುವಷ್ಟು ಸಪುರ, ಒಳಗಿನಿಂದ ನೀರು ತಾನಾಗಿ ಹರಿದು ತೋಟಕ್ಕೆ ಬರ್ತದೆ. ಒಳಗೆ 50 ಎಂಎಂ ಲೆನ್ಸಿಗೆ ಜಾಗವೇ ಸಾಲುವುದಿಲ್ಲ, ಒಂದು ಮೀಟರಿನ ನಿಯಮ ಬೇರೆ, ಹೆಲಿಕಾಯ್ಡ್ ತಿರುಗಿಸಿ ಕಲ್ಲಿನ ಮೇಲಿನ ಹಾರೆಯ ಗೀರು ಒಂದು ಸಿಕ್ಕಿತು, ಅಷ್ಟೇ. ಹೊರಗೆ ಬಂದಾಗ ಲೆನ್ಸ್ ಪೂರ್ತಿ ಬೆವರಿತ್ತು. ಬೇಡ.

ವೈಡ್ ಬೇಕು ಅನ್ನುವವರಿಗೆ ಇದೇ ಕುಟುಂಬದ ಜುಪಿಟರ್-12 ಉಂಟು, 35 ಎಂಎಂ, ಎಫ್/2.8. ಉಪ್ಪಳದ ದೋಸ್ತಿ ಒಬ್ಬ ಇಟ್ಟುಕೊಂಡಿದ್ದಾನೆ. ಅದರ ಹಿಂದಿನ ಗಾಜು ಉಂಡೆಯ ಹಾಗೆ ಹೊರಗೆ ಬಂದಿರ್ತದೆ, ಕೆಲವು ಕ್ಯಾಮೆರಾದಲ್ಲಿ ಒಳಗೆ ತಾಗಿ ಹೋಗ್ತದೆ, ನೋಡಿ ಹಾಕ್ಬೇಕು. ಮೇಲಿಂದ ಫಿಲ್ಮಿಗೆ ಮಾಡಿದ ವೈಡ್ ರೇಂಜ್‌ಫೈಂಡರ್ ಲೆನ್ಸುಗಳಲ್ಲಿ ಬೆಳಕು ಅಂಚಿಗೆ ತುಂಬಾ ಓರೆಯಾಗಿ ಬೀಳ್ತದೆ, ಡಿಜಿಟಲ್ ಸೆನ್ಸರಿನ ಎದುರಿನ ಗಾಜಿನ ದಪ್ಪಕ್ಕೆ ಅಂಚು ಕಲಸಿ ಹೋಗ್ತದೆ, ಕೆಲವೊಮ್ಮೆ ಬಣ್ಣವೂ ತಿರುಗ್ತದೆ. 50ರಲ್ಲಿ ಆ ರಗಳೆ ನನಗೆ ಕಾಣ್ಲಿಲ್ಲ. ಇಂಡಸ್ಟಾರ್-61 ಎಲ್/ಡಿ ಇನ್ನೂ ಕಮ್ಮಿಗೆ ಸಿಗ್ತದೆ, 55 ಎಂಎಂ, ಎಫ್/2.8, ನಾಲ್ಕೇ ಗಾಜು, ಚುರುಕು ಉಂಟು, ಆದ್ರೆ ಚೌಕಿಯ ಬೆಳಕಿಗೆ ಎಫ್/2 ಬೇಕೇ ಬೇಕು. ಒರಿಜಿನಲ್ ಲೈಕಾ ಲೆನ್ಸಿನ ಬೆಲೆ ನೋಡಿ ಪೇಜ್ ಕ್ಲೋಸ್ ಮಾಡಿದೆ. ಲೈಕಾ ಬಾಡಿ ಇರುವವರಿಗೆ ಒಂದು ಮಾತು, ಸೋವಿಯತ್ ಲೆನ್ಸುಗಳ ಫೋಕಸ್ ಲೆಕ್ಕ ಕಾಂಟ್ಯಾಕ್ಸಿನದ್ದು, ಲೈಕಾದ್ದು ಚೂರು ಬೇರೆ, ಹಾಗಾಗಿ ಹತ್ರದ ವಸ್ತು ಎಫ್/2ರಲ್ಲಿ ತಪ್ಪಿ ಹೋಗಬಹುದು. ಮಿರರ್‌ಲೆಸ್‌ನಲ್ಲಿ ಸೆನ್ಸರಿಗೆ ಬಿದ್ದದ್ದನ್ನೇ ನೋಡಿ ಫೋಕಸ್ ಮಾಡುವ ಕಾರಣ ಈ ಜಗಳ ನಮಗಿಲ್ಲ.

ಆನ್‌ಲೈನಲ್ಲಿ ಹಾಕುವ ವಿಷಯಕ್ಕೆ ಬರುವ. 24 ಮೆಗಾಪಿಕ್ಸೆಲಿನ ಪಟ ಅಂದ್ರೆ 6000 ಪಿಕ್ಸೆಲ್ ಅಗಲ, ಇನ್‌ಸ್ಟಾಗ್ರಾಮಿನಲ್ಲಿ ಅದು 1080ಕ್ಕೆ ಇಳೀತದೆ. ಲೆನ್ಸಿನ ಅಂಚು ಶಾರ್ಪಾ, ಮೂಲೆ ಶಾರ್ಪಾ ಅಂತ ನಾವು ಹೊಡೆದಾಡುವುದೆಲ್ಲ ಅಲ್ಲಿಗೆ ಮುಗೀತು. ಉಳಿಯುವುದು ಎರಡೇ, ಬೆಳಕು ಹೇಗೆ ಬಿದ್ದಿದೆ ಮತ್ತು ಹಿಂದಿನದ್ದು ಹೇಗೆ ಕರಗಿದೆ. ಅದು ಎರಡೂ ಈ ಲೆನ್ಸಿನತ್ರ ಉಂಟು, ಹಾಗಾಗಿಯೇ ಫೋನಿನಲ್ಲಿ ನೋಡಿದವರಿಗೆ ನಾಲ್ಕು ಪಟ್ಟು ಬೆಲೆಯ ಲೆನ್ಸಿನ ಹಾಗೆ ಕಾಣುವುದು, ಒಳಗಿನ ಗುಟ್ಟು ಇಷ್ಟೇ. ಕಾಂಟ್ರಾಸ್ಟ್ ಕಮ್ಮಿ ಇರ್ತದೆ, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲು) ಕಪ್ಪನ್ನು ಚೂರು ಕೆಳಗೆ ಎಳೆದ್ರೆ ಸಾಕು, ನನ್ನತ್ರ ಪ್ರೀಸೆಟ್ ಇಲ್ಲ, ಕೇಳ್ಬೇಡಿ. ಮೊದಲು 1080ಕ್ಕೆ ನಾವೇ ಸಣ್ಣದು ಮಾಡಿ, ಆಮೇಲೆ ಶಾರ್ಪನ್ ಮಾಡಿ, ಎಸ್‌ಆರ್‌ಜಿಬಿ ಅನ್ನುವ ಸಾಮಾನ್ಯ ಸ್ಕ್ರೀನಿನ ಬಣ್ಣದ ಲೆಕ್ಕದಲ್ಲಿ ಸೇವ್ ಮಾಡಿ. ಅಡೋಬ್ ಆರ್‌ಜಿಬಿಯಲ್ಲಿಯೇ ಬಿಟ್ರೆ ಕೆಲವು ಸ್ಕ್ರೀನಿನಲ್ಲಿ ಚೌಕಿಯ ಕೆಂಪು ಇಟ್ಟಿಗೆ ಬಣ್ಣ ಆಗ್ತದೆ. ವಾಟ್ಸಾಪಿನಲ್ಲಿ ಕುಟುಂಬದ ಗ್ರೂಪಿಗೆ ಹಾಕುವುದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆದ್ರೆ ಚಿಕ್ಕಮ್ಮಂದಿರು ಅದನ್ನು ಓಪನ್ ಮಾಡುವುದಿಲ್ಲ. ಫ್ಲಿಕರ್‌ನಲ್ಲಿ ಹಾಕುವವರಿಗೆ ಇನ್ನೊಂದು, ಲೆನ್ಸಿಗೆ ಕರೆಂಟಿನ ಸಂಪರ್ಕ ಇಲ್ಲದ ಕಾರಣ ಪಟದ ಮಾಹಿತಿಯಲ್ಲಿ ಲೆನ್ಸ್ ಹೆಸರು, ಅಪರ್ಚರ್ ಎರಡೂ ಖಾಲಿ. ಎಕ್ಸಿಫ್‌ಟೂಲ್ ಅನ್ನುವ ಫ್ರೀ ಪ್ರೋಗ್ರಾಮಿನಲ್ಲಿ ಆಮೇಲೆ ತುಂಬಿಸ್ಲಿಕ್ಕೆ ಆಗ್ತದೆ. ನಾನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರ್ದಿಡ್ತಿದ್ದೆ, ಈಗ ಅದೂ ಬಿಟ್ಟೆ, ಹಾಗಾಗಿ "ಎಫ್ ಎಷ್ಟು ಸರ್" ಅಂತ ಕೇಳಿದ್ರೆ ನಾನು ಹೇಳುವುದು ಮುಕ್ಕಾಲು ಅಂದಾಜು. ಮುಖದ ಪಟ ಆದ್ರೆ ಹಾಕುವ ಮೊದಲು ಆ ಜನರತ್ರ ಕೇಳಿಯೇ ಹಾಕ್ತೇನೆ, ಚೌಕಿಯದ್ದರಲ್ಲಿ ಅರ್ಧ ಮೇಕಪ್ ಆದ ಮುಖ ಬೇಡ ಅಂತ ಒಬ್ರು ಹೇಳಿದ್ರು, ಅದು ನನ್ನ ಬೆಸ್ಟ್ ಪಟ, ಹಾರ್ಡ್‌ಡಿಸ್ಕಿನಲ್ಲಿಯೇ ಉಂಟು.

ಮಳೆಗಾಲ ಹೇಗೆ ಕಳೆದೆ ಅಂತ ಹೇಳ್ಲಿಲ್ಲ. ಡ್ರೈ ಕ್ಯಾಬಿನೆಟ್ ತಗೊಳ್ಳುವಷ್ಟು ಲೆನ್ಸ್ ನನ್ನತ್ರ ಇಲ್ಲ, ರಬ್ಬರ್ ಗ್ಯಾಸ್ಕೆಟ್ ಇರುವ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ಹೊರಗೆ ತೇವ ಶೇಕಡಾ ತೊಂಬತ್ತು ಇರುವಾಗ ಒಳಗೆ 45 ಆಸುಪಾಸು ನಿಲ್ತದೆ, ಅಷ್ಟು ಸಾಕು, ತೀರಾ ಕೆಳಗೂ ಇಳಿಸ್ಬಾರ್ದು, ಗ್ರೀಸ್ ಒಣಗ್ತದೆ. ನೀಲಿ ಜೆಲ್ ಗುಲಾಬಿ ಆದ್ರೆ ಬಿಸಿ ಮಾಡಿ ಪುನಃ ನೀಲಿ ಮಾಡ್ಬೇಕು. ಮೊದಲ ಸಲ ದೋಸೆ ಕಾವಲಿಯಲ್ಲಿ ಹಾಕ್ಲಿಕ್ಕೆ ಹೊರಟೆ, "ಎನ್ನ ಕಾವಲಿಗೆ ಕೈ ಹಾಕೆಡ" ಅಂತ ಅಮ್ಮ ಬೊಬ್ಬೆ ಹೊಡೆದ್ರು, ಒಳ್ಳೆದೇ ಆಯ್ತು, ಆ ನೀಲಿ ಬಣ್ಣ ಕೋಬಾಲ್ಟಿನದ್ದು, ಅಡುಗೆ ಪಾತ್ರೆಗೆ ತಾಗ್ಲೇಬಾರ್ದು. ಈಗ ಅದಕ್ಕೆ ಬೇರೆಯೇ ಒಂದು ಹಳೇ ಬಾಣಲೆ. ವಾರಕ್ಕೊಮ್ಮೆ ಲೆನ್ಸ್ ಹೊರಗೆ ತೆಗೆದು ನಾಲ್ಕು ಪಟ ತೆಗೆದು ಇಡ್ತೇನೆ, ಕತ್ತಲೆಯಲ್ಲಿ ಸುಮ್ನೆ ಕೂತದ್ದಕ್ಕೇ ಫಂಗಸ್ ಬೇಗ ಹಿಡಿಯುವುದು. ಎರಡು ಮಳೆಗಾಲ ಆಯ್ತು, ಹೊಸ ಎಳೆ ಬರ್ಲಿಲ್ಲ. ಹಳೆಯದ್ದು ಒರಸಿ ತೆಗೆದ ಜಾಗದಲ್ಲಿ ಕೋಟಿಂಗ್ ತಿಂದ ಗುರುತು ಉಂಟು, ಅದು ಹೋಗುವುದಿಲ್ಲ.

ತಗೊಳ್ಬಹುದಾ ಅಂತ ಕೇಳಿದ್ರೆ, ಕೈಯಲ್ಲಿ ಮಿರರ್‌ಲೆಸ್ ಇದ್ದು ಜನರ ಮುಖ ತೆಗೆಯುವ ಆಸೆ ಇದ್ರೆ ಧೈರ್ಯದಲ್ಲಿ ತಗೊಳ್ಳಿ, ಮಾರುವವ ಟಾರ್ಚ್ ಹಿಡಿದು ತೆಗೆದ ಗಾಜಿನ ಪಟ ಕಳಿಸಿದ್ರೆ ಮಾತ್ರ. ಮಕ್ಕಳು ಓಡುವುದು, ಹಕ್ಕಿ, ಮದುವೆಯ ಆರ್ಡರು, ಇದಕ್ಕೆಲ್ಲ ಬೇಡ.

ಆ ಮದ್ದು ಬಿಡುವ ಅಣ್ಣನ ಪಟಕ್ಕೆ ಇನ್‌ಸ್ಟಾದಲ್ಲಿ ಬಂದ ಲೈಕ್ ಎಲ್ಲ ಅವನಿಗೆ ತೋರಿಸಿದೆ, ಅವ ಬೆರಳಲ್ಲಿ ಒಮ್ಮೆ ಜಾರಿಸಿ ನೋಡಿ "ಕಾಗದದಲ್ಲಿ ತೆಗೆದು ಕೊಡ್ತೀರಾ" ಅಂತ ಕೇಳಿದ. ಕಾಸರಗೋಡಿಗೆ ಹೋದಾಗ ಸ್ಟುಡಿಯೋದಲ್ಲಿ 8 ಇಂಟು 12 ಇಂಚಿನ ಪ್ರಿಂಟ್ ಹಾಕಿಸಿದೆ. ಹುಬ್ಬಿನ ಮೇಲೆ ಎರಡೇ ಹನಿ ಅಂತ ನಾನು ಗ್ರಹಿಸಿದ್ದು, ಕಾಗದದಲ್ಲಿ ನೋಡಿದ್ರೆ ರೆಪ್ಪೆಯಲ್ಲಿಯೂ ಸಾಲಾಗಿ ನೀಲಿ, ಸಾಸಿವೆಗಿಂತ ಸಣ್ಣದು, ಫೋನಿನಲ್ಲಿ ಒಂದು ವರ್ಷ ಅದು ನನಗೇ ಕಂಡಿರ್ಲಿಲ್ಲ. ಮೊನ್ನೆ ಅವನ ಮನೆಗೆ ಅಡ್ವಾನ್ಸ್ ಕೊಡ್ಲಿಕ್ಕೆ ಹೋದಾಗ ಪಟ ಚಾವಡಿಯ ಗೋಡೆಯಲ್ಲಿ ಫ್ರೇಮ್ ಹಾಕಿ ಇತ್ತು. ಅರ್ಧ ಮುಖದ ಮೇಲೆ ಕ್ಯಾಲೆಂಡರ್ ನೇತಾಡ್ತಾ ಇತ್ತು, ಆ ಮೊಳೆ ಒಂದೇ ಇದ್ದದ್ದಂತೆ.